ಸ್ಕೈಡೈವಿಂಗ್ ಸುರಕ್ಷತಾ ಸಾಧನಗಳ ಜಾಹೀರಾತು: ಹೊಸಬರಿಗೆ ಏನನ್ನು ಮೊದಲು ಹೇಳಬೇಕು

ಅಮೆರಿಕದ ಫ್ಲಾರಿಡಾದಲ್ಲಿ ಸ್ಕೈಡೈವಿಂಗ್ ಸಲಕರಣೆಗಳನ್ನು ಮಾರುವ ಸಂಸ್ಥೆಯೊಂದರಲ್ಲಿ ಜಾಹೀರಾತುಗಳನ್ನೂ ಉತ್ಪನ್ನಗಳ ವಿವರಣೆಯನ್ನೂ ಬರೆಯುವುದು ನನ್ನ ಉದ್ಯೋಗ. ನಾವು ಬರೆಯುವುದನ್ನು ಎರಡು ಬಗೆಯ ಜನ ಓದುತ್ತಾರೆ. ಸಾವಿರಾರು ಬಾರಿ ಜಿಗಿದವರು ಬೆಲೆಯನ್ನೂ ತಲುಪುವ ದಿನಾಂಕವನ್ನೂ ನೋಡಿ ಮುಂದೆ ಹೋಗುತ್ತಾರೆ. ಅವರಿಗೆ ನಮ್ಮ ಮಾತಿನ ಹಂಗಿಲ್ಲ. ಈಗಷ್ಟೇ ಪರವಾನಗಿ ಪಡೆದವರು ಮಾತ್ರ ಅದೇ ಸಾಲುಗಳನ್ನು ಪಾಠದಂತೆ ಓದುತ್ತಾರೆ, ಓದಿದ್ದನ್ನು ನೆನಪಿನಲ್ಲಿಟ್ಟುಕೊಂಡೇ ವಿಮಾನ ಹತ್ತುತ್ತಾರೆ. ಈ ಬರಹ ಆ ಎರಡನೆಯ ಬಗೆಯ ಓದುಗರ ಬಗ್ಗೆ.

ಅಮೆರಿಕದ ಪ್ಯಾರಾಚೂಟ್ ಸಂಘ, ಅಂದರೆ ಯುಎಸ್‌ಪಿಎ, ನೀಡುವ ಮೊದಲ ಪರವಾನಗಿಗೆ ಕನಿಷ್ಠ 25 ಜಿಗಿತಗಳು ಬೇಕು. ಅಲ್ಲಿಯವರೆಗೆ ವಿದ್ಯಾರ್ಥಿ ಬಳಸುವುದು ತರಬೇತಿ ಶಾಲೆಯ ಸಲಕರಣೆಯನ್ನು. ಗಟ್ಟಿ ಹೆಲ್ಮೆಟ್, ಕಣ್ಣಿಗೆ ಕಾಣುವಂತಹ ಎತ್ತರಮಾಪಕ, ತುರ್ತಿಗೆಂದು ಇರುವ ಎರಡನೇ ಪ್ಯಾರಾಚೂಟನ್ನು, ಅಂದರೆ ರಿಸರ್ವನ್ನು, ತಾನಾಗಿ ಬಿಡುಗಡೆ ಮಾಡುವ ಎಎಡಿ ಎಂಬ ಉಪಕರಣ, ತನ್ನ ತೂಕಕ್ಕೆ ತಕ್ಕ ದೊಡ್ಡ ಕ್ಯಾನಪಿ (ಪ್ಯಾರಾಚೂಟಿನ ಬಟ್ಟೆಯ ರೆಕ್ಕೆ), ಇವೆಲ್ಲ ನಿಯಮದ ಪ್ರಕಾರ ಅವನ ಬೆನ್ನಿಗೆ ಬಂದು ಸೇರುತ್ತವೆ. ಆರಿಸುವವರು ಬೋಧಕರು. ಪರವಾನಗಿ ಕೈಗೆ ಬಂದ ಮೇಲೆ ಈ ಪಟ್ಟಿಯ ಬಹುಭಾಗ ಕಡ್ಡಾಯವಾಗಿ ಉಳಿಯುವುದಿಲ್ಲ, ಸ್ವಂತ ಸಲಕರಣೆ ಕೊಳ್ಳುವ ಆಸೆಯೂ ಆಗಲೇ ಹುಟ್ಟುತ್ತದೆ. ಹೀಗಾಗಿ ಅನುಭವ ಅತ್ಯಂತ ಕಡಿಮೆ ಇರುವ ಹೊತ್ತಿನಲ್ಲಿಯೇ ಆಯ್ಕೆಯ ಹೊಣೆ ಹೆಗಲೇರುತ್ತದೆ, ಬೋಧಕರು ನಿಲ್ಲುತ್ತಿದ್ದ ಜಾಗದಲ್ಲಿ ಜಾಹೀರಾತು ಬಂದು ನಿಲ್ಲುತ್ತದೆ. ನನ್ನ ಕೆಲಸವನ್ನು ನಾನು ಲಘುವಾಗಿ ನೋಡಲಾರದಿರುವುದು ಈ ಕಾರಣದಿಂದ.

ಎಎಡಿಯ ವಿಷಯವನ್ನೇ ಮೊದಲು ಹೇಳುತ್ತೇನೆ, ಏಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಅದರ ಬಗ್ಗೆಯೇ. ಜರ್ಮನಿಯ ಏರ್‌ಟೆಕ್ ಸಂಸ್ಥೆಯ ಸೈಪ್ರೆಸ್ 1991ರಲ್ಲಿ ಮಾರುಕಟ್ಟೆಗೆ ಬಂದ ಮೇಲೆ ಈ ಬಗೆಯ ಎಲೆಕ್ಟ್ರಾನಿಕ್ ಉಪಕರಣಗಳು ನಂಬಿಕೆ ಗಳಿಸಿದವು. ಬೆಲ್ಜಿಯಂನ ವಿಜಿಲ್, ಜೆಕ್ ದೇಶದ ಎಂ2 ಮುಂತಾದವು ನಂತರ ಬಂದವು. ಗಾಳಿಯ ಒತ್ತಡವನ್ನು ಅಳೆಯುತ್ತ ಎತ್ತರವನ್ನೂ ಬೀಳುವ ವೇಗವನ್ನೂ ಲೆಕ್ಕ ಹಾಕುವ ಈ ಪುಟ್ಟ ಪೆಟ್ಟಿಗೆ, ಅನುಭವಿಗಳಿಗೆಂದು ಇರುವ ಸೈಪ್ರೆಸ್‌ನ ಉದಾಹರಣೆ ತೆಗೆದುಕೊಂಡರೆ, ನೆಲದಿಂದ ಸುಮಾರು 750 ಅಡಿ ಎತ್ತರದಲ್ಲಿಯೂ ಜಿಗಿತಗಾರ ಸೆಕೆಂಡಿಗೆ 35 ಮೀಟರಿಗಿಂತ ವೇಗವಾಗಿ ಬೀಳುತ್ತಿದ್ದರೆ ಕೆಲಸ ಮಾಡುತ್ತದೆ. ಹೊಟ್ಟೆ ಕೆಳಗಾಗಿ ಬೀಳುವವನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್. ಆ ವೇಗದಲ್ಲಿ 750 ಅಡಿ ಎಂದರೆ ನೆಲಕ್ಕೆ ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಅದು ಮಾಡುವ ಕೆಲಸವಾದರೂ ಏನೆಂಬುದನ್ನು ನಾನು ಅರಿತದ್ದು ನಮ್ಮ ರಿಗ್ಗರ್‌ನ ಮೇಜಿನ ಬಳಿ ನಿಂತು. ಅಮೆರಿಕದ ವಿಮಾನಯಾನ ನಿಯಮದಂತೆ ರಿಸರ್ವ್ ಪ್ಯಾರಾಚೂಟನ್ನು ಪ್ರಮಾಣಪತ್ರವಿರುವ ರಿಗ್ಗರ್ 180 ದಿನಗಳೊಳಗೆ ಬಿಚ್ಚಿ, ಪರೀಕ್ಷಿಸಿ, ಮತ್ತೆ ಮಡಚಿರಬೇಕು. ಹಾಗೆ ಬಿಚ್ಚುವಾಗ ಮೊದಲು ಹಿಡಿಕೆಯನ್ನು ಎಳೆಯುತ್ತಾರೆ. ಪಿನ್ ಕಳಚಿದೊಡನೆ ರಿಸರ್ವನ್ನು ಹೊರಗೆಳೆಯಲೆಂದು ಇರುವ, ಸ್ಪ್ರಿಂಗ್ ಉಳ್ಳ ಪುಟ್ಟ ಪೈಲಟ್ ಚೂಟ್ ಟಪ್ಪನೆ ಮೇಲಕ್ಕೆ ಹಾರಿ ಮೇಜಿನ ಮೇಲೆ ಉರುಳಿಬಿತ್ತು. ರಿಸರ್ವ್ ಇರುವ ಚೀಲ ಮಾತ್ರ ತನ್ನ ಗೂಡಿನಲ್ಲಿ ಕದಲದೆ ಕುಳಿತಿತ್ತು. ಅದನ್ನು ಹೊರಗೆಳೆಯಲು ಗಾಳಿ ಬೇಕು, ಗಾಳಿಗೆ ಎತ್ತರ ಬೇಕು. ರಿಗ್ಗರ್ ಆಮೇಲೆ ಎಎಡಿಯ ಕಟ್ಟರ್ ತೋರಿಸಿದರು: ಬೆರಳಿನಷ್ಟೂ ದಪ್ಪವಿಲ್ಲದ ಲೋಹದ ಕೊಳವೆ, ಅದರ ತೂತಿನೊಳಗಿಂದ ಹಾದುಹೋಗುವ ದಾರದ ಕುಣಿಕೆ. ಉಪಕರಣ ಮಾಡುವುದೆಲ್ಲ ಆ ಕುಣಿಕೆಯನ್ನು ಕತ್ತರಿಸುವುದು. ಅದು ಕೆಟ್ಟುಹೋದ ಮುಖ್ಯ ಪ್ಯಾರಾಚೂಟನ್ನು ಕಳಚುವುದಿಲ್ಲ. ಬೀಳುವವನನ್ನು ಸರಿಯಾದ ಭಂಗಿಗೆ ತರುವುದಿಲ್ಲ. ಮುಖ್ಯ ಪ್ಯಾರಾಚೂಟ್ ಅರ್ಧ ತೆರೆದು ಗಿರಗಿರನೆ ಸುತ್ತುತ್ತ ಇಳಿಯುತ್ತಿದ್ದು, ವೇಗ 35 ಮೀಟರಿನ ಮಿತಿಯನ್ನು ದಾಟದಿದ್ದರೆ, ಅದು ಸುಮ್ಮನೇ ಇರುತ್ತದೆ. ಅಂತಹ ಹೊತ್ತಿನಲ್ಲಿ ಮುಖ್ಯ ಪ್ಯಾರಾಚೂಟನ್ನು ಕಳಚುವ ಕಟ್‌ಅವೇ ಹಿಡಿಕೆಯನ್ನೂ ರಿಸರ್ವ್ ಹಿಡಿಕೆಯನ್ನೂ ಎಳೆಯಬೇಕಾದವನು ಜಿಗಿತಗಾರನೇ.

ಕೆಲವು ದಿನಗಳ ನಂತರ ನಮ್ಮ ವಿಭಾಗಕ್ಕೆ ಒಂದು ಕರಡು ಬಂತು. ‘ನೀವು ಮರೆತರೂ ಇದು ಮರೆಯುವುದಿಲ್ಲ’ ಎಂಬ ಅರ್ಥದ ಶೀರ್ಷಿಕೆ, ಕೆಳಗೆ ನೆಲಕ್ಕೆ ತೀರ ಹತ್ತಿರದಲ್ಲಿ ತೇಲುತ್ತಿರುವ ತರುಣನೊಬ್ಬನ ಚಿತ್ರ. ಬರೆದವರ ಉದ್ದೇಶದಲ್ಲಿ ಕೆಡುಕಿರಲಿಲ್ಲ, ಆದರೆ ಆ ಮಾತು ಸುಳ್ಳು. ಎಎಡಿಯನ್ನು ಜಿಗಿಯುವ ದಿನ ನೆಲದ ಮೇಲೆ ಕೈಯಾರೆ ಚಾಲೂ ಮಾಡಬೇಕು. ಸೈಪ್ರೆಸ್ 14 ಗಂಟೆಗಳ ನಂತರ ತಾನಾಗಿ ಆರಿಹೋಗುತ್ತದೆ. ಬೇರೆ ಎತ್ತರದಲ್ಲಿರುವ ಇನ್ನೊಂದು ಜಿಗಿತ ಮೈದಾನಕ್ಕೆ ಕಾರಿನಲ್ಲಿ ಒಯ್ದರೆ ಅಲ್ಲಿ ಆರಿಸಿ ಮತ್ತೆ ಚಾಲೂ ಮಾಡಬೇಕು. ಅಂದ ಮೇಲೆ ಬಳಸುವವನು ಮರೆತರೆ ಅದೂ ಮರೆತಂತೆಯೇ. ನಾವು ಶೀರ್ಷಿಕೆಯನ್ನೂ ಚಿತ್ರವನ್ನೂ ತೆಗೆದುಹಾಕಿ, ಉಪಕರಣವು ಯಾವ ಎತ್ತರದಲ್ಲಿ, ಯಾವ ವೇಗದಲ್ಲಿ ಕೆಲಸ ಮಾಡುತ್ತದೆ, ಯಾವ ಸ್ಥಿತಿಯಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನು ಬೆಲೆಯ ಪಕ್ಕದಲ್ಲಿಯೇ, ಬೆಲೆಯಷ್ಟೇ ದೊಡ್ಡ ಅಕ್ಷರಗಳಲ್ಲಿ ಅಚ್ಚು ಹಾಕಿದೆವು. ಮಾರಾಟ ಇದರಿಂದ ಕುಗ್ಗಬಹುದೆಂಬ ಆತಂಕ ಸಂಸ್ಥೆಯೊಳಗೆ ಇತ್ತು. ಆತಂಕ ಸಹಜವೇ, ಆದರೆ ಷರತ್ತನ್ನು ಮುಚ್ಚಿಟ್ಟು ಮಾರುವ ಹಕ್ಕು ಅದರಿಂದ ಹುಟ್ಟುವುದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಪುಟ ಹೊರಬಂದ ಕಾಲದಲ್ಲಿಯೇ, ಇಲ್ಲಿನ ವಿಶ್ವವಿದ್ಯಾಲಯವೊಂದರಲ್ಲಿ ಎಂ.ಎಸ್. ಓದುತ್ತಿದ್ದ ಕನ್ನಡದ ಹುಡುಗನೊಬ್ಬ ತನ್ನ ಮೊದಲ ಸಲಕರಣೆ ಕೊಳ್ಳಲು ಬಂದಿದ್ದ. ನನ್ನ ಮಾತಿನ ಧಾಟಿ ಕೇಳಿ ಊರಿನವರೆಂದು ಗುರುತಿಸಿ, ಮೇಡಂ ಎನ್ನುತ್ತಿದ್ದವನು ಅಕ್ಕ ಎನ್ನತೊಡಗಿದ.

“ಅಕ್ಕ, ಎಎಡಿ ಹಾಕಿಸಿಕೊಂಡರೆ ಸ್ವಲ್ಪ ಕೆಳಗೆ ಬಂದು ಎಳೆದರೂ ನಡೆಯುತ್ತದೆ ಅಲ್ವಾ?” ಎಂದು ಕೇಳಿದ.

“ಇಲ್ಲಪ್ಪ, ನಡೆಯುವುದಿಲ್ಲ. ನಿನ್ನ ಪರವಾನಗಿಗೆ ಎಷ್ಟು ಎತ್ತರ ಅಂತ ಹೇಳಿಕೊಟ್ಟಿದ್ದಾರೆ?”

“3,000 ಅಡಿ.”

“ಅಷ್ಟೇ. ಎಎಡಿ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.”

ಕಾರಣವನ್ನೂ ಅವನಿಗೆ ಬಿಡಿಸಿ ಹೇಳಿದೆ. ಮುಖ್ಯ ಪ್ಯಾರಾಚೂಟ್ ಪೂರ್ತಿ ತೆರೆದುಕೊಳ್ಳಲು ನೂರಾರು ಅಡಿ ಬೇಕು, ನಿಧಾನವಾಗಿ ತೆರೆಯುವಂತೆ ರೂಪಿಸಿದ ಕ್ಯಾನಪಿಗಳಿಗೆ ಸಾವಿರದ ಹತ್ತಿರ ಬೇಕಾದರೂ ಆಶ್ಚರ್ಯವಿಲ್ಲ. ತಡವಾಗಿ ಎಳೆದವನ ಮುಖ್ಯ ಪ್ಯಾರಾಚೂಟ್ ಇನ್ನೂ ಅರಳುತ್ತಿರುವಾಗಲೇ ಅವನು ಎಎಡಿಯ ಎತ್ತರಕ್ಕೆ, ಎಎಡಿಯ ವೇಗದಲ್ಲಿ ಬಂದು ತಲುಪಿದರೆ, ಅದು ತನ್ನ ಕೆಲಸವನ್ನು ನಿಷ್ಠೆಯಿಂದ ಮಾಡುತ್ತದೆ, ರಿಸರ್ವ್ ಕೂಡ ಹೊರಬರುತ್ತದೆ. ಆಗ ತಲೆಯ ಮೇಲೆ ಎರಡು ಪ್ಯಾರಾಚೂಟ್. ಅವು ಪಕ್ಕಪಕ್ಕದಲ್ಲಿ ನಿಂತರೆ ಅದೃಷ್ಟ. ಒಂದಕ್ಕೊಂದು ವಿರುದ್ಧವಾಗಿ ತಿರುಗಿ ನೆಲದತ್ತ ಎಳೆದರೆ ಉಳಿಯುವುದು ಕಷ್ಟ. ಉಪಕರಣ ಕೆಟ್ಟದ್ದರಿಂದ ಹೀಗಾಗುವುದಲ್ಲ. ಅದು ಸರಿಯಾಗಿ ಕೆಲಸ ಮಾಡಿದ್ದರಿಂದ, ಅದನ್ನು ನೆಚ್ಚಿ ಜಿಗಿತಗಾರ ತನ್ನ ಎತ್ತರವನ್ನು ಬಿಟ್ಟುಕೊಟ್ಟದ್ದರಿಂದ ಆಗುವುದು. ಹುಡುಗ ಕೇಳಿದ ಪ್ರಶ್ನೆ ಅವನೊಬ್ಬನದಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳದೆ ಹೋಗುವವರು ಬಹಳ ಮಂದಿ. ಮಾರುವವರು ಆ ಪ್ರಶ್ನೆಗೆ ಉತ್ತರವನ್ನು ಕೇಳುವ ಮುಂಚೆಯೇ ಕೊಡಬೇಕು.

ಈ ಕ್ಷೇತ್ರದಲ್ಲಿ ಬಿಲ್ ಬೂತ್ ಎಂಬ ಹೆಸರು ಎಲ್ಲರಿಗೂ ಗೊತ್ತು. ಕೆಟ್ಟ ಪ್ಯಾರಾಚೂಟನ್ನು ಕ್ಷಣದಲ್ಲಿ ಕಳಚುವ ಮೂರು ಉಂಗುರಗಳ ವ್ಯವಸ್ಥೆಯನ್ನು ಕೊಟ್ಟವರು ಅವರು. ಸಲಕರಣೆ ಸುರಕ್ಷಿತವಾದಷ್ಟೂ ಜಿಗಿತಗಾರರು ಹೆಚ್ಚು ಅಪಾಯಕ್ಕೆ ಕೈಹಾಕುತ್ತಾರೆ, ಹೀಗಾಗಿ ಸಾವಿನ ಪ್ರಮಾಣ ಇದ್ದಲ್ಲಿಯೇ ಇರುತ್ತದೆ ಎಂಬ ಆಶಯದ ಅವರ ಮಾತು ಬೂತ್ ಅವರ ಎರಡನೇ ನಿಯಮವೆಂದೇ ಪ್ರಸಿದ್ಧ. ಲೆಕ್ಕ ಅಷ್ಟು ನಿರಾಶಾದಾಯಕವಾಗಿಲ್ಲ. ಯುಎಸ್‌ಪಿಎ ದಾಖಲೆಯಂತೆ 2023ರಲ್ಲಿ ಅಮೆರಿಕದಲ್ಲಿ ಸುಮಾರು 36.5 ಲಕ್ಷ ಜಿಗಿತಗಳಿಗೆ 10 ಸಾವುಗಳಾದವು. ಹಿಂದಿನ ದಶಕಗಳಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಸಲಕರಣೆಗೂ ತರಬೇತಿಗೂ ಈ ಇಳಿಕೆಯಲ್ಲಿ ಪಾಲಿದೆ. ಆದರೂ ಜಾಹೀರಾತು ಬರೆಯುವವರ ಮಟ್ಟಿಗೆ ಬೂತ್ ಅವರ ಎಚ್ಚರಿಕೆ ಹಳತಾಗಿಲ್ಲ, ಏಕೆಂದರೆ ಸಲಕರಣೆ ತಂದುಕೊಟ್ಟ ಸುರಕ್ಷತೆಯನ್ನು ಅಪಾಯಕ್ಕೆ ಖರ್ಚು ಮಾಡಿಬಿಡಿ ಎಂದು ಪ್ರೇರೇಪಿಸುವ ಶಕ್ತಿ ಇರುವುದು ನಮ್ಮ ಮಾತುಗಳಿಗೇ.

ಆರ್‌ಎಸ್‌ಎಲ್ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಮುಖ್ಯ ಪ್ಯಾರಾಚೂಟನ್ನು ಕಳಚಿದಾಗ ಅದರ ಪಟ್ಟಿಯೇ ರಿಸರ್ವ್‌ನ ಪಿನ್ ಎಳೆಯುವಂತೆ ಮಾಡುವ ಸರಳ ಕೊಂಡಿ ಅದು. ಸ್ಕೈಹುಕ್‌ನಂತಹವು ಕಳಚಿಹೋಗುವ ಪ್ಯಾರಾಚೂಟಿನ ಸೆಳೆತದಿಂದಲೇ ರಿಸರ್ವನ್ನು ಬೇಗ ಹೊರಗೆಳೆಯುತ್ತವೆ. ಎರಡೂ ಒಳ್ಳೆಯವು. ಆದರೆ ಮುಖ್ಯ ಪ್ಯಾರಾಚೂಟ್ ಹೊರಗೇ ಬಾರದಿದ್ದರೆ ಎಳೆಯುವುದಕ್ಕೆ ಅಲ್ಲಿ ಏನೂ ಇರುವುದಿಲ್ಲ. ಆ ಒಂದು ವಾಕ್ಯವಿಲ್ಲದ ಜಾಹೀರಾತನ್ನು ನಾನು ಒಪ್ಪುವುದಿಲ್ಲ.

ಹೆಲ್ಮೆಟ್ ವಿಷಯದಲ್ಲಿ ತೊಡಕು ಬೇರೆ ಬಗೆಯದು. ಬೈಕಿನ ಹೆಲ್ಮೆಟ್ ನೋಡಿ ಬೆಳೆದವರು ಮುಖ ಮುಚ್ಚುವ ಯಾವುದೇ ಹೆಲ್ಮೆಟನ್ನು ಕಂಡರೂ ಅದು ಪೆಟ್ಟು ತಡೆಯುವ ಪರೀಕ್ಷೆಯಲ್ಲಿ ಪಾಸಾಗಿದೆ ಎಂದೇ ಭಾವಿಸುತ್ತಾರೆ. ಸ್ಕೈಡೈವಿಂಗ್‌ನಲ್ಲಿ ಬಹಳ ಕಾಲದವರೆಗೆ ಮಾರಾಟವಾದ ಅನೇಕ ಹೆಲ್ಮೆಟ್‌ಗಳು ಗಾಳಿ, ಸದ್ದು, ಚಳಿಗಳನ್ನು ತಡೆಯುತ್ತಿದ್ದವು. ಪೆಟ್ಟಿನ ಬಗ್ಗೆ ಯಾವ ಮಾನದಂಡಕ್ಕೂ ಅವು ಒಳಪಟ್ಟಿರಲಿಲ್ಲ. ಫ್ರಾನ್ಸಿನಲ್ಲಿ ಎಕ್ಸ್‌ಪಿ ಎಸ್ 72-600 ಎಂಬ ಮಾನದಂಡ ಈ ಕ್ರೀಡೆಗಾಗಿಯೇ ರೂಪುಗೊಂಡಿತು, ಆಸ್ಟ್ರೇಲಿಯಾದ ಕುಕಿ ಸಂಸ್ಥೆಯ ಜಿ4 ಅದಕ್ಕೆ ಅನುಗುಣವಾಗಿ ಬಂತು. ಈಗ ಅಂಗಡಿಯಲ್ಲಿ ಪರೀಕ್ಷೆಯಾದದ್ದೂ ಆಗದಿದ್ದುದೂ ಒಂದೇ ಸಾಲಿನಲ್ಲಿರುತ್ತವೆ, ನೋಡಲು ಹೆಚ್ಚು ವ್ಯತ್ಯಾಸವಿರುವುದಿಲ್ಲ. ಪರೀಕ್ಷೆಯಾದ ಹೆಲ್ಮೆಟ್‌ನ ಪುಟದಲ್ಲಿ ಅದನ್ನು ಹೊಗಳಿ, ಆಗದ ಹೆಲ್ಮೆಟ್‌ನ ಪುಟದಲ್ಲಿ ಮೌನವಾಗಿರುವುದು ಮಾರಾಟಗಾರರ ಸಾಮಾನ್ಯ ಪದ್ಧತಿ. ನಾವು ಆ ಮೌನವನ್ನು ಮುರಿದೆವು: ಪ್ರತಿ ಹೆಲ್ಮೆಟ್‌ನ ಕೆಳಗೂ ಯಾವ ಮಾನದಂಡ, ಅಥವಾ ಯಾವುದೂ ಇಲ್ಲ, ಎಂಬುದು ಈಗ ಒಂದೇ ಜಾಗದಲ್ಲಿ ಅಚ್ಚಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ನನ್ನನ್ನು ಕಾಡುವುದು ಕ್ಯಾನಪಿಯ ಅಳತೆ. ಅದನ್ನು ಯಾರೂ ಸುರಕ್ಷತಾ ಸಾಧನವೆಂದು ಕರೆಯುವುದಿಲ್ಲ, ಆದರೆ ಹೊಸಬನ ಪಾಲಿಗೆ ಅದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ. ಈಚಿನ ದಶಕಗಳ ಸಾವುನೋವುಗಳಲ್ಲಿ ದೊಡ್ಡ ಪಾಲು ಪ್ಯಾರಾಚೂಟ್ ತೆರೆಯದೆ ಆದದ್ದಲ್ಲ. ಯಾವ ದೋಷವೂ ಇಲ್ಲದ, ಪೂರ್ತಿ ತೆರೆದ ಕ್ಯಾನಪಿಯ ಕೆಳಗೆ, ಇಳಿಯುವ ಹೊತ್ತಿನಲ್ಲಿ ಆದದ್ದು. ಸಲಕರಣೆ ಸಮೇತ ಜಿಗಿತಗಾರನ ತೂಕ 180 ಪೌಂಡ್ ಎನ್ನೋಣ. 190 ಚದರ ಅಡಿಯ ಕ್ಯಾನಪಿಯಲ್ಲಿ ಪ್ರತಿ ಚದರ ಅಡಿಗೆ ಒಂದು ಪೌಂಡಿಗಿಂತ ಕಡಿಮೆ ಭಾರ ಬೀಳುತ್ತದೆ. ಅದೇ ಮನುಷ್ಯ 135 ಚದರ ಅಡಿಯದನ್ನು ಕೊಂಡರೆ ಭಾರ 1.33 ಪೌಂಡಿಗೆ ಏರುತ್ತದೆ: ಹಾರಾಟ ವೇಗವಾಗುತ್ತದೆ, ತಿರುವಿನಲ್ಲಿ ಕಳೆದುಕೊಳ್ಳುವ ಎತ್ತರ ಹೆಚ್ಚುತ್ತದೆ, ತಪ್ಪನ್ನು ತಿದ್ದಿಕೊಳ್ಳುವ ಸಮಯ ಕುಗ್ಗುತ್ತದೆ. ಅನುಭವದ ಹಂತಕ್ಕೆ ತಕ್ಕಂತೆ ಗರಿಷ್ಠ ತೂಕದ ಕೋಷ್ಟಕವನ್ನು ಪರ್ಫಾರ್ಮೆನ್ಸ್ ಡಿಸೈನ್ಸ್‌ನಂತಹ ತಯಾರಕರೇ ಪ್ರಕಟಿಸುತ್ತಾರೆ. ಆದರೂ ‘ಬೇಗನೆ ಇಷ್ಟು ದೊಡ್ಡದು ಬೇಡವಾಗುತ್ತದೆ, ಈಗಲೇ ಒಂದು ಅಳತೆ ಕಡಿಮೆ ಕೊಳ್ಳಿ’ ಎಂಬ ಸಲಹೆ ಮಾರಾಟದ ಮಾತಿನೊಳಗೆ ಎಷ್ಟು ಸುಲಭವಾಗಿ ನುಸುಳುತ್ತದೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೊಳ್ಳುವವರು ಎಷ್ಟು ಬಾರಿ ಜಿಗಿದಿದ್ದಾರೆ, ತೂಕವೆಷ್ಟು ಎಂದು ಕೇಳದೆ ಕ್ಯಾನಪಿಯ ಬೆಲೆ ಹೇಳುವುದನ್ನೇ ನಾವು ನಿಲ್ಲಿಸಿದ್ದೇವೆ.

ಹೆಸರಾಂತ ಕ್ರೀಡಾಪಟುಗಳ ಚಿತ್ರ ಬಳಸುವಾಗಲೂ ಇದೇ ಎಚ್ಚರ ಬೇಕು. ಸಲಕರಣೆಯನ್ನು ಉಚಿತವಾಗಿ ಪಡೆದು ಹೊಗಳುವವರು ಆ ಸಂಬಂಧವನ್ನು ಸ್ಪಷ್ಟವಾಗಿ ತಿಳಿಸಬೇಕೆಂಬುದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ನ ನಿಲುವು. ಭಾರತದಲ್ಲಿ 2022ರ ದಾರಿತಪ್ಪಿಸುವ ಜಾಹೀರಾತು ತಡೆ ಮಾರ್ಗಸೂಚಿ ಇನ್ನೊಂದು ಒಳ್ಳೆಯ ಮಾತು ಹೇಳಿದೆ: ಷರತ್ತುಗಳು ಮೂಲ ಹೇಳಿಕೆಯ ಭಾಷೆಯಲ್ಲಿಯೇ, ಅದೇ ಅಕ್ಷರ ವಿನ್ಯಾಸದಲ್ಲಿಯೇ ಇರಬೇಕು. ನಮಗೆ ಅದು ಕಾನೂನಾಗಿ ಅನ್ವಯಿಸದಿದ್ದರೂ ಪದ್ಧತಿಯಾಗಿ ಅನುಸರಿಸುತ್ತೇವೆ.

ಈಗ ನಮ್ಮಲ್ಲಿ ಯಾವುದೇ ಸುರಕ್ಷತಾ ಸಾಧನದ ಜಾಹೀರಾತು ಹೊರಹೋಗುವ ಮೊದಲು ರಿಗ್ಗರ್ ಒಬ್ಬರೂ ಬೋಧಕರೊಬ್ಬರೂ ಅದನ್ನು ಓದುತ್ತಾರೆ. ಆನಂತರ ಹೊಸದಾಗಿ ಪರವಾನಗಿ ಪಡೆದವರೊಬ್ಬರಿಗೆ ಕೊಟ್ಟು, ಓದಿ ಮುಗಿಸಿದ ಮೇಲೆ ಪುಟವನ್ನು ಮಗುಚಿಟ್ಟು, ಈ ಸಾಧನ ಏನು ಮಾಡುತ್ತದೆ, ಯಾವಾಗ ಮಾಡುವುದಿಲ್ಲ, ಆಗ ನೀವೇನು ಮಾಡಬೇಕು ಎಂದು ಕೇಳುತ್ತೇವೆ. ಮೊದಲ ಪ್ರಶ್ನೆಗೆ ಎಲ್ಲರೂ ಸರಿಯಾಗಿ ಉತ್ತರಿಸುತ್ತಾರೆ. ಉಳಿದ ಎರಡರಲ್ಲಿ ತಡವರಿಸಿದರೆ ಜಾಹೀರಾತು ನನ್ನ ಮೇಜಿಗೆ ಮರಳಿ ಬರುತ್ತದೆ, ತಿದ್ದಿ ಬರೆದ ಮೇಲೆ ಅದನ್ನು ಓದಲು ಇನ್ನೊಬ್ಬ ಹೊಸಬರನ್ನು ಹುಡುಕುತ್ತೇವೆ.