ಸಾಲಿನಲ್ಲಿ ಮೊದಲು ನಿಂತವರ ಹಾಲು

ಮಂಡ್ಯ ಕಡೆಯ ನಮ್ಮ ಹಾಲಿನ ಸಂಘದಲ್ಲಿ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ನಿಲ್ಲುವವರು ಗಾರ್ಮೆಂಟ್ಸ್‌ಗೆ ಹೋಗುವ ಹೆಂಗಸರು. ಹಾಲು ಹಾಕಿ ಬಸ್ ಹಿಡಿಯಬೇಕು. ಅವರಲ್ಲೂ ಎಲ್ಲರಿಗಿಂತ ಮುಂಚೆ ಬರುತ್ತಿದ್ದ ಒಬ್ಬ ಅಕ್ಕನ ಹಾಲಿಗೆ ಬೇಸಿಗೆ ಶುರುವಾದಾಗಿನಿಂದ ಎಸ್‌ಎನ್‌ಎಫ್, ಅಂದರೆ ಕೊಬ್ಬು ಬಿಟ್ಟು ಹಾಲಿನಲ್ಲಿರುವ ಗಟ್ಟಿ ಅಂಶದ ಶೇಕಡಾ ಪ್ರಮಾಣ, ಏಳುತ್ತಲೇ ಇರಲಿಲ್ಲ. 7.9, 8.0, ಅಷ್ಟರಲ್ಲೇ. 8.5 ಮುಟ್ಟದಿದ್ದರೆ ರೇಟು ಇಳಿಯುತ್ತದೆ. ಹಸಿರು ಮೇವಿಲ್ಲ, ಬರೀ ಒಣಹುಲ್ಲು, ಅದಕ್ಕೇ ಹೀಗೆ ಎಂದು ಸಂಘದಲ್ಲಿ ಹಾಲು ಟೆಸ್ಟ್ ಮಾಡುವ ನಾನು ಫೀಡ್ ಹೆಚ್ಚಿಸಿ, ಮಿನರಲ್ ಮಿಕ್ಸ್‌ಚರ್ ಕೊಡಿ ಎನ್ನುತ್ತಿದ್ದೆ. ಸಂಘದಲ್ಲೇ ಕಡ ಬರೆಸಿ ಆಕೆ ಫೀಡ್ ಮೂಟೆ ಒಯ್ದರು.

ಆಮೇಲೊಂದು ದಿನ ಹಾಲು ಪರೀಕ್ಷಿಸುವ ಮಿಷಿನ್ನಿನ ಡಿಸ್‌ಪ್ಲೇ ಮೇಲೆ 7.7 ಬಂತು. ಅಳತೆಯಲ್ಲಿ ಮೋಸ ಆಗಬಾರದು, ಎಲ್ಲರಿಗೂ ಕಾಣಲಿ ಎಂದು ಕಿಟಕಿ ಮೇಲೆ ಹಾಕಿರುವ ಡಿಸ್‌ಪ್ಲೇ ಅದು. ಎಲ್ಲರಿಗೂ ಕಂಡಿತು. ಹಿಂದಿನಿಂದ ಯಾರೋ, “ಬೋರ್‌ವೆಲ್ ಪಕ್ಕಾನೇ ಐತಲ್ಲ ಅವ್ರ ಕೊಟ್ಟಿಗೆ” ಅಂದರು.

ಆಕೆ ಕ್ಯಾನು ಕೆಳಗಿಟ್ಟರು. “ಅಣ್ಣ, ಕರೆದಿದ್ದು ಹಂಗೇ ತಂದಿವ್ನಿ. ಇನ್ನೊಂದ್ಸಲ ನೋಡಿ.”

ನೀರು ಬೆರೆತಿದೆಯೇ ಎಂದು ನೋಡಲು ಹಾಲಿನಲ್ಲಿ ತೇಲಿಬಿಡುವ ಲ್ಯಾಕ್ಟೋಮೀಟರ್ ತೆಗೆದೆ. ಈಗಷ್ಟೇ ಕರೆದ ಹಾಲು, ಇನ್ನೂ ಬಿಸಿ, ಮೇಲೆಲ್ಲ ನೊರೆ. ನೊರೆ ಕೂರದೆ, ಒಳಗಿನ ಗಾಳಿ ಹೋಗದೆ ಅದನ್ನು ಹಾಲಿಗೆ ಇಳಿಸಿದರೆ ಡಿಗ್ರಿ ಕಡಿಮೆ ತೋರಿಸುತ್ತದೆ, ಆಗ ಆಕೆಯ ಮೇಲಿನ ಅನುಮಾನ ಇನ್ನೂ ಗಟ್ಟಿಯಾಗುತ್ತದೆ. ಕಾಯಲೇಬೇಕು. ಸಾಲು ಉದ್ದವಾಗುತ್ತಿತ್ತು. ಹಾಲು ಒಯ್ಯುವ ರೂಟ್ ಲಾರಿ ಪಕ್ಕದೂರು ಬಿಟ್ಟಾಗಿದೆ ಎಂದು ಫೋನ್ ಬಂತು. ಗಾರ್ಮೆಂಟ್ಸ್ ಬಸ್ಸು ಅರಳಿಕಟ್ಟೆ ಹತ್ತಿರ ಹಾರ್ನ್ ಹೊಡೆಯಿತು. “ನೀವು ಹೋಗಿ ಅಕ್ಕ, ನಾನು ನೋಡಿ ಬರೆದಿಡ್ತೀನಿ” ಅಂದೆ. “ಇಲ್ಲ ಕಣಣ್ಣ, ಇವರೆಲ್ಲರ ಮುಂದೇನೇ ಆಗ್ಲಿ” ಅಂದರು. ಬಸ್ಸು ಹೋಯಿತು, ಅವತ್ತಿನ ಸಂಬಳವೂ ಹೋಯಿತು.

ಬಿಸಿಯ ಲೆಕ್ಕ ಸೇರಿಸಿದರೆ ಡಿಗ್ರಿ 29. ನೀರು ಬೆರೆತ ಹಾಲಲ್ಲ ಅದು. ಅದೇ ಹಾಲನ್ನು ಮತ್ತೆ ಮಿಷಿನ್ನಿಗೆ ಕೊಟ್ಟೆ. ಈ ಸಲ 8.5.

ಮಧ್ಯಾಹ್ನ ಕಂಪ್ಯೂಟರಿನಲ್ಲಿ ಹಳೆಯ ಶಿಫ್ಟುಗಳನ್ನೆಲ್ಲ ತೆಗೆದು ನೋಡಿದೆ. ಆಕೆ ಬಾರದ ದಿನ ಯಾರು ಮೊದಲು ನಿಂತಿದ್ದರೋ ಅವರಿಗೇ ಕಡಿಮೆ. ಸಂಜೆ ಶಿಫ್ಟಿನಲ್ಲೂ ಮೊದಲ ಸೀರಿಯಲ್ಲಿಗೇ ಕಡಿಮೆ. ಕಾರಣ ಸರಳ. ಶಿಫ್ಟ್ ಮುಗಿದ ಮೇಲೆ ಮಿಷಿನ್ ತೊಳೆಯುತ್ತೇವೆ, ತೊಳೆಯದಿದ್ದರೆ ಪೈಪಿನಲ್ಲಿ ಹಾಲು ಕಟ್ಟಿಕೊಳ್ಳುತ್ತದೆ. ತೊಳೆದ ನೀರು ಸ್ವಲ್ಪ ಒಳಗೇ ಉಳಿಯುತ್ತದೆ. ಮಿಷಿನ್ ಹೀರುವುದೇ ಒಂದು ಪುಟ್ಟ ಬಟ್ಟಲಿನಷ್ಟು ಹಾಲು, ಅದರಲ್ಲಿ ಹತ್ತನೇ ಒಂದು ಪಾಲು ನೀರು ಸೇರಿದರೂ 8.5 ಇದ್ದದ್ದು 7.7ಕ್ಕೆ ಬೀಳುತ್ತದೆ. ನೀರು ಬೆರೆಸುತ್ತಿದ್ದದ್ದು ನಮ್ಮ ಮಿಷಿನ್ನು. ಅದರ ಪೆಟ್ಟು ತಿನ್ನಬೇಕಾಗಿದ್ದದ್ದು ದಿನಾ ಮೊದಲು ಬರಲೇಬೇಕಾದ ಒಬ್ಬ ಹೆಂಗಸು.

ಸೂಪರ್‌ವೈಸರ್‌ಗೆ ಹೇಳಿದರೆ, “ಕ್ಯಾಲಿಬ್ರೇಷನ್ ಸರಿಯಾಗೇ ಇದೆಯಲ್ರೀ” ಎಂದರು. ಸರಿ ಇರಬಹುದು, ಕ್ಯಾಲಿಬ್ರೇಷನ್ ಮಾಡುವವರು, ಅಂದರೆ ಮಿಷಿನ್ನಿನ ಅಳತೆ ಸರಿಹೊಂದಿಸುವವರು, ಎರಡು ಮೂರು ಸಲ ಹಾಲು ಹಾಯಿಸಿಯೇ ಓದಿಕೊಳ್ಳುತ್ತಾರೆ. ಮಷಿನ್ ಕೊಟ್ಟವರು ನಮಗೆ ಟ್ರೇನಿಂಗ್ ಅಂತ ಕೊಟ್ಟದ್ದು ಯಾವ ಬಟನ್ ಒತ್ತಬೇಕು ಎನ್ನುವುದು ಮಾತ್ರ. ಆಡಳಿತ ಮಂಡಳಿಯಲ್ಲಿ ಆ ಒಂದು ಬಟವಾಡೆಯ ವ್ಯತ್ಯಾಸ ಕೊಡಲು ಒಪ್ಪಿದರು. ಹಿಂದಿನ ವಾರಗಳದ್ದು ಆಡಿಟ್‌ನಲ್ಲಿ ನಿಲ್ಲುವುದಿಲ್ಲವಂತೆ. ಸರ್ಕಾರ ಲೀಟರಿಗೆ ಇಷ್ಟು ಎಂದು ಪ್ರೋತ್ಸಾಹಧನ ಕೊಡುತ್ತಿದೆ, ಅದನ್ನು ನಂಬಿ ಹಸು ಕಟ್ಟಿದವರಿಗೆ ನಮ್ಮ ಪೈಪಿನ ನೀರಿನಿಂದ ರೇಟು ಕಡಿತ. ಇದು ನನಗೆ ಈಗಲೂ ಸಹಿಸಲು ಆಗದ ವಿಷಯ.

ಈಗ ಶಿಫ್ಟ್ ಶುರುವಿಗೆ ಮೊದಲ ಹಾಲನ್ನು ಡಿಸ್‌ಪ್ಲೇ ಆಫ್ ಮಾಡಿ ಎರಡು ಸಲ ಹಾಯಿಸಿ ಚೆಲ್ಲುತ್ತೇನೆ, ಮೂರನೆಯದನ್ನೇ ಬರೆಯುತ್ತೇನೆ. ಒಂದು ಲೋಟ ಹಾಲು ಹಾಳು ಎಂದು ಡೈರೆಕ್ಟರೊಬ್ಬರು ಪ್ರತಿ ಮೀಟಿಂಗಿನಲ್ಲೂ ಎತ್ತುತ್ತಾರೆ. ಎತ್ತಲಿ. ಬೇರೆ ಸಂಘಗಳ ಸೆಕ್ರೆಟರಿ, ಟೆಸ್ಟರ್‌ಗಳು ಇದನ್ನು ಓದುತ್ತಿದ್ದರೆ, ಹೋದ ತಿಂಗಳ ಶಿಫ್ಟ್ ರಿಪೋರ್ಟ್ ತೆಗೆದು ಒಂದನೇ ಸೀರಿಯಲ್ಲಿನ ಎಸ್‌ಎನ್‌ಎಫ್ ಅನ್ನೂ ಐದನೆಯದರ ಎಸ್‌ಎನ್‌ಎಫ್ ಅನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ದಿನಾ ಒಂದನೆಯದೇ ಕಡಿಮೆ ಇದ್ದರೆ, ಆ ಮನೆಯವರನ್ನು ಏನೂ ಕೇಳುವ ಮೊದಲು ನಿಮ್ಮ ಮಿಷಿನ್ ಪೈಪು ನೋಡಿ.