ಮೇಷ್ಟ್ರ ಕಛೇರಿ ಪುಸ್ತಕ

ಭಾನುವಾರ, 14 ಜುಲೈ 2024
ಮೈಸೂರು

ಇಂದು ನಮ್ಮ ಮೃದಂಗದ ಮೇಷ್ಟ್ರ ವೈಕುಂಠ ಸಮಾರಾಧನೆ ನಡೆಯಿತು. ಈ ತಿಂಗಳ 2ರಂದು, ಮಂಗಳವಾರ ನಸುಕಿನಲ್ಲಿ ಅವರು ತೀರಿಕೊಂಡ ಮೇಲೆ ನಾನು ದಿನಚರಿಯನ್ನು ಮುಟ್ಟಿರಲಿಲ್ಲ. ಸಂಜೆಯ ನಾದನಮನ ಮುಗಿಸಿ ಈಗಷ್ಟೇ ಮನೆಗೆ ಬಂದಿದ್ದೇನೆ. ಹೊರಗೆ ಆಷಾಢದ ಗಾಳಿ ಬೀಸುತ್ತಿದೆ, ನಿದ್ದೆ ಬರುವಂತಿಲ್ಲ. ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಲಕ್ಷ್ಮೀಪುರಂ, ಅಗ್ರಹಾರ, ಒಂಟಿಕೊಪ್ಪಲುಗಳ ಸಂಗೀತದ ಮನೆಗಳಲ್ಲಿ ಮೇಷ್ಟ್ರು ಎಂದರೆ ಯಾವ ಮೇಷ್ಟ್ರು ಎಂದು ಯಾರೂ ಕೇಳುತ್ತಿರಲಿಲ್ಲ. ಮೃದಂಗದ ಒಂದು ಪಾಠವನ್ನೂ ಅವರಲ್ಲಿ ಕಲಿಯದ ನನಗೂ ಅವರು ಮೇಷ್ಟ್ರೇ ಆಗಿದ್ದರು.

ವೇದಿಕೆಯಲ್ಲಿ ಹಾಡುವವರ ಎಡಕ್ಕೆ ಪಿಟೀಲಿನವರು, ಬಲಕ್ಕೆ ಮೃದಂಗದವರು ಕೂರುವುದು ನಮ್ಮ ಪದ್ಧತಿ. ಹಾಡುವವರು ಸಭೆಯನ್ನು ನೋಡುತ್ತಾರೆ, ಪಕ್ಕವಾದ್ಯದ ನಾವಿಬ್ಬರು ಒಬ್ಬರನ್ನೊಬ್ಬರು ನೋಡುತ್ತೇವೆ. ಹಾಗೆ ಇಪ್ಪತ್ತೆರಡು ವರ್ಷ ನಾನು ಅವರ ಮುಖ ನೋಡುತ್ತ ನುಡಿಸಿದ್ದೇನೆ. ಸ್ವರಗಳನ್ನು ಆಗಿಂದಾಗಲೇ ಕಟ್ಟುತ್ತ ಹೋಗುವ ಸ್ವರಕಲ್ಪನೆಯಲ್ಲಿ ನನ್ನ ಲೆಕ್ಕ ತಾಳದ ಒಂದು ಅಕ್ಷರ ಆಚೀಚೆಯಾಗುವ ಹೊತ್ತಿಗೆ ಅವರ ಎಡಹುಬ್ಬು ಸ್ವಲ್ಪ ಏಳುತ್ತಿತ್ತು. ಸಭೆಗೆ ಅದು ಕಾಣುತ್ತಿರಲಿಲ್ಲ. ನಾನು ಸರಿಪಡಿಸಿಕೊಂಡು ಎಡುಪಿಗೆ, ಅಂದರೆ ಹಾಡಿನ ಸಾಲು ಶುರುವಾಗುವ ಜಾಗಕ್ಕೆ, ಬಂದು ನಿಂತ ಕೂಡಲೇ ಅವರು ಅದನ್ನೇ ಒಂದು ಮುಕ್ತಾಯದಿಂದ ಮುಚ್ಚಿ, ತಪ್ಪು ನಡೆದದ್ದೇ ಸಭೆಗೆ ತಿಳಿಯದಂತೆ ಕಾಪಾಡುತ್ತಿದ್ದರು. ಈ ಊರಿನಲ್ಲಿ ಇಂದು ಹಾಡುವ ಎಷ್ಟು ಜನರ ಮೊದಲ ಕಛೇರಿಯನ್ನು ಆ ಮೃದಂಗ ಹೀಗೆ ಕಾಪಾಡಿತೋ ಲೆಕ್ಕವಿಲ್ಲ. ನಡುಗುವ ಮಕ್ಕಳಿಗೆ ಅವರು ಹೇಳುತ್ತಿದ್ದುದು ಒಂದೇ ಮಾತು: ‘ನೀನು ಹಾಡು ಮಗು, ತಾಳ ನಾನು ನೋಡಿಕೊಳ್ಳುತ್ತೇನೆ.’

ಕಳೆದ ವರ್ಷದ ಕೊನೆಯಲ್ಲಿ ಅವರ ಮೂತ್ರಪಿಂಡಗಳು ಸೋತವು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕೆಂದು ವೈದ್ಯರು ಹೇಳಿದರು. ಅದಕ್ಕಾಗಿ ತೋಳಿನ ರಕ್ತನಾಳಗಳನ್ನು ಜೋಡಿಸುವ ಫಿಸ್ಟುಲಾ ಶಸ್ತ್ರಚಿಕಿತ್ಸೆ ಮಾಡಬೇಕಿತ್ತು. ಹೆಚ್ಚು ಕೆಲಸವಿಲ್ಲದ ಕೈಗೆ ಮಾಡುವುದು ರೂಢಿ, ನಿಮ್ಮದು ಯಾವ ಕೈ ಎಂದು ಕೇಳಿದಾಗ ಮೇಷ್ಟ್ರು ಬಹಳ ಹೊತ್ತು ಉತ್ತರ ಕೊಡಲಿಲ್ಲವಂತೆ. ಮೃದಂಗದವರಿಗೆ ಕೆಲಸವಿಲ್ಲದ ಕೈ ಎಂಬುದಿಲ್ಲ. ಕೊನೆಗೆ ಎಡಗೈಯನ್ನೇ ಕೊಟ್ಟರು. ಆ ತೋಳಿನ ಮೇಲೆ ಭಾರ ಬೀಳಬಾರದು, ಒತ್ತಡ ಬೀಳಬಾರದು. ಅಂದರೆ ಎಡಗೈಯ ಬುಡವನ್ನು ಚರ್ಮದ ಮೇಲೆ ಒತ್ತಿ ಸರಿಸಿದಾಗ ಏಳುವ ಗುಮ್ಕಿ ಎಂಬ ನಾದ ನಿಂತುಹೋಯಿತು. ಅವರ ಗುಮ್ಕಿಯನ್ನು ಕೇಳಿದವರಿಗೆ ಇದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆಸ್ಪತ್ರೆಗೆ ಕರೆದೊಯ್ಯುವ ಸರದಿಯನ್ನು ನಾವೇ ಹಂಚಿಕೊಂಡೆವು. ಮಂಗಳವಾರ ಅವರ ಹಿರಿಯ ಶಿಷ್ಯ, ಗುರುವಾರ ನಾನು, ಶನಿವಾರ ವೀಣೆಯ ಒಬ್ಬರು. ನಾಲ್ಕು ಗಂಟೆ ಯಂತ್ರದ ಪಕ್ಕ ಮಲಗಿರುವಾಗ ಅವರ ಬಲಗೈ ಹೊದಿಕೆಯ ಮೇಲೆ ಸುಮ್ಮನಿರುತ್ತಿರಲಿಲ್ಲ; ಮಿಶ್ರಛಾಪು ತಾಳದ ಏಳು ಅಕ್ಷರಗಳು ಮೂರು ನಾಲ್ಕಾಗಿ ಬೆರಳುಗಳಲ್ಲಿ ಓಡುತ್ತಲೇ ಇರುತ್ತಿದ್ದವು.

ಯುಗಾದಿಯ ನಂತರ ಶುರುವಾಗುವ ರಾಮೋತ್ಸವದ ಕಛೇರಿಗಳು ಇಲ್ಲಿನ ಪಕ್ಕವಾದ್ಯದವರಿಗೆ ವರ್ಷದ ಮುಖ್ಯ ಆದಾಯ. ಮೇಷ್ಟ್ರು ಕಾಯಿಲೆಗೆ ಮುಂಚೆಯೇ ಹನ್ನೊಂದು ಕಛೇರಿಗಳನ್ನು ಒಪ್ಪಿಕೊಂಡಿದ್ದರು. ಊರಿನ ಮೃದಂಗದವರು ಒಂದು ಸಂಜೆ ಸೇರಿ ಆ ಹನ್ನೊಂದನ್ನೂ ತಮ್ಮತಮ್ಮಲ್ಲಿ ಹಂಚಿಕೊಂಡರು. ನುಡಿಸುವುದು ಅವರು, ಸಂಭಾವನೆ ಮೇಷ್ಟ್ರ ಮನೆಗೆ, ಎಂಬುದು ಮಾತು. ಪರಸ್ಪರ ಮುಖ ನೋಡದೆ ವರ್ಷಗಳೇ ಆಗಿದ್ದ ಇಬ್ಬರು ವಿದ್ವಾಂಸರು ಆ ಸಂಜೆ ಒಂದೇ ಚಾಪೆಯ ಮೇಲೆ ಕುಳಿತು ತಾರೀಕು ಬರೆದುಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಕಛೇರಿ ಮುಗಿದ ಮೇಲೆ ತಾಂಬೂಲ, ಹಣ್ಣಿನೊಂದಿಗೆ ಕೈಗೆ ಬಂದ ಲಕೋಟೆಯನ್ನು ಯಾರೂ ತೆರೆಯುತ್ತಿರಲಿಲ್ಲ. ಮೂಲೆಗೆ ಕುಂಕುಮ ಹಚ್ಚಿದ ಆ ಲಕೋಟೆ ರಾತ್ರಿ ಹತ್ತಾದರೂ ಸರಿ, ಪಾನಕದ ಬಾಟಲಿ, ಕೋಸಂಬರಿಯ ದೊನ್ನೆಯ ಜೊತೆ ಲಕ್ಷ್ಮೀಪುರಂನ ಮನೆಗೆ ತಲುಪುತ್ತಿತ್ತು. ಅಮ್ಮನವರು, ಅಂದರೆ ಮೇಷ್ಟ್ರ ಹೆಂಡತಿ, ಮೊದಲ ದಿನ ತೆಗೆದುಕೊಳ್ಳಲು ಒಪ್ಪಲಿಲ್ಲ. ‘ನುಡಿಸಿದ್ದು ನೀವು, ನಮ್ಮ ಮನೆಗೇಕೆ?’ ಎಂದರು. ಬಂದಿದ್ದ ಹುಡುಗನಿಗೆ ಮಾತು ತೋಚಲಿಲ್ಲ. ಲಕೋಟೆಯನ್ನು ದೇವರ ಮುಂದಿಟ್ಟು, ನಮಸ್ಕಾರ ಮಾಡಿ, ಹೊರಟುಬಿಟ್ಟ.

ಮೇಷ್ಟ್ರು ಲಕೋಟೆಯ ಕಡೆ ನೋಡುತ್ತಿರಲಿಲ್ಲ. ಮುಖ್ಯ ಕೃತಿ ಯಾವುದು, ಯಾವ ತಾಳ, ತನಿ, ಅಂದರೆ ಮೃದಂಗವೊಂದೇ ನುಡಿಯುವ ಭಾಗ, ಎಷ್ಟು ಹೊತ್ತು ಬಿಟ್ಟರು ಎಂದು ಮಾತ್ರ ಕೇಳುತ್ತಿದ್ದರು.

ಏಕೆ ಕೇಳುತ್ತಿದ್ದರೆಂಬುದು ನನಗೆ ಇಂದು ತಿಳಿಯಿತು. ಊಟದ ಪಂಕ್ತಿಗಳು ಮುಗಿದ ಮೇಲೆ ಅಮ್ಮ ನನ್ನನ್ನು ಒಳಗೆ ಕರೆದು, ಕಪ್ಪು ರಟ್ಟಿನ ಒಂದು ದಪ್ಪ ಲೆಕ್ಕದ ಪುಸ್ತಕವನ್ನು ಕೈಗಿತ್ತರು. ಅವರು ನುಡಿಸಿದ ಪ್ರತಿಯೊಂದು ಕಛೇರಿಗೂ ಅದರಲ್ಲಿ ಒಂದು ಸಾಲು ಇದೆ: ತಾರೀಕು, ಸ್ಥಳ, ಹಾಡಿದವರು, ಪಿಟೀಲು, ಮುಖ್ಯ ರಾಗ, ತಾಳ. ಸಂಭಾವನೆಗೆ ಅಂಕಣವೇ ಇಲ್ಲ. ಶಿವರಾಂಪೇಟೆಯ ಬಿಡಾರಂ ಕೃಷ್ಣಪ್ಪನವರ ರಾಮಮಂದಿರ, 1962ರಿಂದ ಗಣೇಶೋತ್ಸವದ ಸಂಗೀತ ನಡೆಸಿಕೊಂಡು ಬಂದಿರುವ ವಾಣಿವಿಲಾಸ ಮೊಹಲ್ಲಾದ ಎಂಟನೇ ಕ್ರಾಸ್, ಕುವೆಂಪುನಗರದ ವೀಣೆ ಶೇಷಣ್ಣ ಭವನ, ಇವುಗಳ ನಡುವೆ ಹೆಸರೂ ತಿಳಿಯದ ಎಷ್ಟೋ ಮನೆಗಳ ಉಪನಯನ, ಸೀಮಂತಗಳ ಕಛೇರಿಗಳು ಅದೇ ಗಾತ್ರದ ಅಕ್ಷರದಲ್ಲಿ ಕುಳಿತಿವೆ. ಅಮ್ಮ ಬೆರಳಿಟ್ಟು ತೋರಿಸಿದ ಒಂದು ಸಾಲು ನನ್ನದು, 2002ರದ್ದು. ‘ಪಿಟೀಲು: ಹೊಸ ಹುಡುಗಿ. ಕಾಲಪ್ರಮಾಣ ಓಡುತ್ತದೆ. ಕೈ ಒಳ್ಳೆಯದು, ನಿಲ್ಲುತ್ತಾಳೆ’ ಎಂದು ಬರೆದಿದ್ದಾರೆ. ಆ ದಿನ ಅವರು ನನ್ನ ಬಳಿ ಆಡಿದ್ದು ‘ಚೆನ್ನಾಗಿತ್ತಮ್ಮ’ ಎಂಬ ಒಂದೇ ಮಾತು.

ಕೊನೆಯ ಪುಟಗಳಲ್ಲಿ ಈ ಏಪ್ರಿಲ್‌ನ ಆ ಹನ್ನೊಂದು ಕಛೇರಿಗಳೂ ಇವೆ. ತಾವು ನುಡಿಸದ ಕಛೇರಿಗಳನ್ನು ಅವರು ತಮ್ಮ ಪುಸ್ತಕದಲ್ಲಿ ಬರೆದು, ಮೃದಂಗ ಎಂದು ಹೊಸ ಅಂಕಣ ಗೆರೆ ಹಾಕಿಕೊಂಡು, ಪ್ರತಿಯೊಬ್ಬರ ಹೆಸರಿನ ಹಿಂದೆ ವಿದ್ವಾನ್ ಎಂದು ಸೇರಿಸಿ ದಾಖಲಿಸಿದ್ದಾರೆ. ಅವರಲ್ಲಿ ಒಬ್ಬನಿಗೆ ಹದಿನೇಳು ವರ್ಷ; ಅವನೂ ವಿದ್ವಾನ್.

ಪಕ್ಕವಾದ್ಯದವರ ಬಗ್ಗೆ ಒಂದು ಮಾತನ್ನು ನಾನು ಇಲ್ಲಿ ಹೇಳಲೇಬೇಕು. ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿ, ಬಿಡಾರಂ ಕೃಷ್ಣಪ್ಪನವರ ಬಳಿ ಕಲಿತು, ಏಳು ತಂತಿಯ ಪಿಟೀಲನ್ನು ಹಿಡಿದು, 1957ರಲ್ಲಿ ಸಂಗೀತ ಕಲಾನಿಧಿ ಬಿರುದು ಪಡೆದ ಚೌಡಯ್ಯನವರು ಈ ನೆಲದವರು. ಅವರ ಹೆಸರಿನಲ್ಲಿ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಸಭಾಭವನವೇ ಎದ್ದಿದೆ. ಅಂಥ ಭಾಗ್ಯ ಎಲ್ಲರಿಗೂ ಬರುವುದಿಲ್ಲ, ಬರಬೇಕೆಂದೂ ನಾನು ಕೇಳುತ್ತಿಲ್ಲ. ಆದರೆ ಐವತ್ತು ವರ್ಷ ಒಂದು ಊರಿನ ಸಂಗೀತಕ್ಕೆಲ್ಲ ತಾಳವಾಗಿ ನಿಂತವರ ಹೆಸರು ಆಹ್ವಾನ ಪತ್ರಿಕೆಗಳಲ್ಲಿ ಕೊನೆಯವರೆಗೂ ಸಣ್ಣ ಅಕ್ಷರದಲ್ಲೇ ಉಳಿಯಿತು. ಅದರಲ್ಲಿ ಎರಡು ಸಲ ತಪ್ಪಾಗಿಯೂ ಅಚ್ಚಾಗಿತ್ತು. ಮಾಸಾಶನಕ್ಕೆ ಅರ್ಜಿ ಹಾಕಿ ಎಂದು ನಾವು ಹೇಳಿದಾಗಲೆಲ್ಲ ಅವರು, ತನಗಿಂತ ಕಷ್ಟದಲ್ಲಿರುವ ಕಲಾವಿದರಿದ್ದಾರೆ ಎಂದು ಅವರ ಅರ್ಜಿಗಳನ್ನು ತುಂಬಿ ಕೊಡುತ್ತಿದ್ದರು. ಮೊನ್ನೆ ಅಂತ್ಯಸಂಸ್ಕಾರಕ್ಕೆ ಬಂದವರನ್ನು ನೋಡಿದಾಗ ಆ ಸಣ್ಣ ಅಕ್ಷರಗಳ ಕೊರಗು ನನ್ನಲ್ಲಿ ಇನ್ನೂ ಹೆಚ್ಚಾಯಿತು. ನಾದಸ್ವರದವರು, ಹರಿಕಥೆಯವರು, ಭಜನಾ ಮಂಡಳಿಯ ಹೆಂಗಸರು, ಮೃದಂಗಕ್ಕೆ ಬಾರು ಬಿಗಿದು ಕರಣಿಯೆಂಬ ಕಪ್ಪು ಲೇಪ ಹಾಕಿಕೊಡುವ ಸಾಹೇಬರು, ಎಲ್ಲರೂ ರಸ್ತೆಯಲ್ಲಿ ನಿಂತಿದ್ದರು. ಕರಣಿಯ ಸಾಹೇಬರು ಯಾರೊಂದಿಗೂ ಮಾತಾಡದೆ ಮೇಷ್ಟ್ರ ಬಲಗೈಯನ್ನು ಒಮ್ಮೆ ಮುಟ್ಟಿ, ಗೇಟಿನಾಚೆ ಹೋಗಿ ಅತ್ತರು.

ಸಂಜೆಯ ನಾದನಮನಕ್ಕೆ ಮೃದಂಗವಿಲ್ಲದೆ ಹಾಡಬೇಕು, ಮೇಷ್ಟ್ರ ಜಾಗವನ್ನು ಖಾಲಿ ಬಿಡಬೇಕು ಎಂದು ಕೆಲವರ ಅಭಿಪ್ರಾಯವಿತ್ತು. ಹಿರಿಯ ಶಿಷ್ಯ ಒಪ್ಪಲಿಲ್ಲ. ‘ಜಾಗ ಖಾಲಿ ಬಿಡುವುದನ್ನು ಗುರುಗಳು ಯಾರಿಗೂ ಕಲಿಸಲಿಲ್ಲ’ ಎಂದು, ಅವರ ಹಳೆಯ ಹಲಸಿನ ಮೃದಂಗವನ್ನೇ ತಂದು, ಬಲಮುಖವನ್ನು ಗುಂಡುಕಲ್ಲಿನಿಂದ ತಟ್ಟಿ ಶ್ರುತಿಗೆ ಸೇರಿಸಿ, ಎಡಮುಖಕ್ಕೆ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತಿಕೊಂಡು ಕುಳಿತರು. ವಾಸುದೇವಾಚಾರ್ಯರ ಖಮಾಚ್ ರಾಗದ ಕೃತಿಯನ್ನು ಹಾಡುವಾಗ ಆ ಎಡಮುಖದಿಂದ ಒಂದು ಗುಮ್ಕಿ ಎದ್ದಿತು. ನಾನು ಬಿಲ್ಲನ್ನು ತಂತಿಯ ಮೇಲೆ ಇಟ್ಟವಳು ಎಳೆಯಲಾರದೆ ಒಂದು ಆವರ್ತ ಸುಮ್ಮನಿದ್ದೆ. ಎದುರಿಗೆ ನೋಡಿದರೆ ಶಿಷ್ಯರ ಎಡಹುಬ್ಬು ಎದ್ದಿತ್ತು. ಮುಂದಿನ ಆವರ್ತಕ್ಕೆ ಸೇರಿಕೊಂಡೆ.

ಮಂಗಳವಾದ ಮೇಲೆ ಎಲ್ಲರೂ ಎದ್ದರು. ಆ ರವೆಯನ್ನು ತೆಗೆಯದೆ ಹಾಗೆಯೇ ಬಿಡೋಣ, ಮೇಷ್ಟ್ರ ಮೃದಂಗ ಇನ್ನು ನೆನಪಿಗಾಗಿ ಇರಲಿ ಎಂದು ಒಬ್ಬ ಹುಡುಗಿ ಬೇಡಿಕೊಂಡಳು. ‘ಒಣಗಿದರೆ ಚರ್ಮ ಸೀಳುತ್ತದಮ್ಮ, ಬರುವ ಗುರುವಾರದ ಪಾಠಕ್ಕೆ ಇದೇ ಬೇಕು’ ಎಂದು ಅಮ್ಮ ಅಡಿಗೆಮನೆಯಿಂದ ಒಂದು ಚಮಚವನ್ನೂ ಒದ್ದೆ ಬಟ್ಟೆಯನ್ನೂ ತಂದುಕೊಟ್ಟರು. ಶಿಷ್ಯರು ನೆಲದ ಮೇಲೆ ಕಾಗದ ಹಾಸಿ, ಚಮಚದ ಬೆನ್ನಿನಿಂದ ಅಂಚಿನಿಂದ ನಡುವಿನವರೆಗೆ ನಿಧಾನವಾಗಿ ರವೆಯನ್ನು ಕೆರೆದು ತೆಗೆದರು. ಅಮ್ಮ ಬಟ್ಟೆಯಿಂದ ಒರೆಸಿ, ಕಂದು ಬಣ್ಣದ ಗವಸನ್ನು ಏರಿಸಿ, ಲಾಡಿಯನ್ನು ಎರಡು ಗಂಟು ಹಾಕಿ ಕಟ್ಟಿದರು.