ಸ್ಕ್ಯಾನ್ ಇರುವಾಗ ಹಳೆಯ ಕಾಗದವೇಕೆ?

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಚುನಾವಣಾ ಪತ್ರಿಕೆಗಳೂ ವ್ಯಂಗ್ಯಚಿತ್ರಗಳೂ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ನೋಡಲು ಸಿಗುವಾಗ, ಹಣ ಕೊಟ್ಟು ಮೂಲ ಪ್ರತಿಗಳನ್ನು ಏಕೆ ಕೊಳ್ಳುತ್ತೀರಿ ಎಂದು ನನ್ನ ಸಂಗ್ರಹವನ್ನು ನೋಡಿದವರೆಲ್ಲ ಕೇಳುತ್ತಾರೆ. ಅವುಗಳನ್ನು ಹೇಗೆ ಮಾಡಿದರು, ಯಾವ ಬಳಕೆಗಾಗಿ ಮಾಡಿದರು ಎಂಬುದಕ್ಕೆ ಆ ಕಾಗದವೇ ಸಾಕ್ಷಿ ಎಂಬುದು ನನ್ನ ಉತ್ತರ.

1840ರ ಅಧ್ಯಕ್ಷೀಯ ಚುನಾವಣೆಯಲ್ಲಿ ಪತ್ರಕರ್ತ ಹೊರೇಸ್ ಗ್ರೀಲಿ ಅವರು, ಆಗಿನ ಎರಡು ಪ್ರಮುಖ ಪಕ್ಷಗಳಲ್ಲೊಂದಾದ ವಿಗ್ ಪಕ್ಷದ ಪ್ರಚಾರಕ್ಕಾಗಿ ‘ಲಾಗ್ ಕ್ಯಾಬಿನ್’ (ಮರದ ದಿಮ್ಮಿಯ ಗುಡಿಸಲು) ಎಂಬ ವಾರಪತ್ರಿಕೆಯನ್ನು ನ್ಯೂಯಾರ್ಕ್ ಮತ್ತು ಆಲ್ಬನಿಗಳಿಂದ ಹೊರತಂದರು. ಒಂದು ಪೀಪಾಯಿ ಸೇಬಿನ ಮದ್ಯ ಕೊಟ್ಟರೆ ವಿಗ್ ಅಭ್ಯರ್ಥಿ ವಿಲಿಯಂ ಹೆನ್ರಿ ಹ್ಯಾರಿಸನ್ ಮರದ ದಿಮ್ಮಿಯ ಗುಡಿಸಲಿನಲ್ಲಿ ಕುಳಿತು ಉಳಿದ ಆಯುಷ್ಯವನ್ನು ಕಳೆದಾರು ಎಂದು ವಿರೋಧಿ ಪತ್ರಿಕೆಯೊಂದು ಹೀಯಾಳಿಸಿತ್ತು. ವಿಗ್ಗರು ಅದೇ ಗುಡಿಸಲನ್ನು ತಮ್ಮ ಲಾಂಛನವಾಗಿಸಿಕೊಂಡರು. ವರ್ಜೀನಿಯಾದ ಇಟ್ಟಿಗೆಯ ದೊಡ್ಡ ಬಂಗಲೆಯಲ್ಲಿ ಹುಟ್ಟಿದ ಹ್ಯಾರಿಸನ್ ಹೀಗೆ ಬಡ ರೈತರ ಪ್ರತಿನಿಧಿಯಾದರು. ಪತ್ರಿಕೆಯ ಪ್ರಸಾರ ಸುಮಾರು 80,000 ಪ್ರತಿಗಳವರೆಗೆ ಏರಿತು. ಅದರಲ್ಲಿ ಪ್ರಚಾರಗೀತೆಗಳನ್ನು ಸ್ವರಲಿಪಿ ಸಹಿತ ಅಚ್ಚು ಮಾಡುತ್ತಿದ್ದರು. ಜನ ಕೂಡಿ ಹಾಡಲೆಂದೇ ಅಚ್ಚಾದ ಆ ಹಾಳೆಯನ್ನು ಕೈಯಲ್ಲಿ ಬಿಡಿಸಿ ಹಿಡಿದಾಗ, ಅದು ಎಷ್ಟು ಅಗಲ, ಎಷ್ಟು ಹಗುರ, ಎಲ್ಲೆಲ್ಲಿ ಮಡಿಸಿ ಸವೆದಿದೆ ಎಂಬುದು ತಿಳಿಯುತ್ತದೆ; ಪರದೆಯ ಮೇಲೆ ನನಗೆ ಇದು ಎಂದೂ ತಿಳಿದಿರಲಿಲ್ಲ.

ಆಗಿನ ಕಾಗದ ಚಿಂದಿಬಟ್ಟೆಯಿಂದ ತಯಾರಾದದ್ದು. ಆದ್ದರಿಂದ 1840ರ ಹಾಳೆ ಇಂದಿಗೂ ಮುರಿಯದೆ ಬಾಗುತ್ತದೆ. ಮರದ ತಿರುಳಿನಿಂದಾದ 1890ರ ದಶಕದ ದಿನಪತ್ರಿಕೆಯಾದರೋ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಅಂಚಿನಲ್ಲಿ ಪುಡಿಯಾಗುತ್ತದೆ.

ನಾನು ಅತ್ಯಂತ ಪ್ರೀತಿಯಿಂದ ಕಾಪಾಡಿಕೊಂಡಿರುವುದು ‘ಹಾರ್ಪರ್ಸ್ ವೀಕ್ಲಿ’ ವಾರಪತ್ರಿಕೆಯಲ್ಲಿ ಬಂದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಅವರ ಚಿತ್ರಗಳನ್ನು. ‘ಟ್ಯಾಮನಿ ಹಾಲ್’ ಎಂಬ ರಾಜಕೀಯ ಕೂಟದ ಮುಖಂಡನಾಗಿದ್ದ ನ್ಯೂಯಾರ್ಕಿನ ಭ್ರಷ್ಟ ನಾಯಕ ವಿಲಿಯಂ ಟ್ವೀಡ್ ವಿರುದ್ಧ 1871ರಲ್ಲಿ ಅವರು ಬರೆದ ‘ಟ್ಯಾಮನಿ ಹುಲಿ’ ಎರಡು ಪುಟಗಳಿಗೆ ಹರಡಿಕೊಂಡಿದೆ. ಚಿತ್ರ ಮುದ್ರಿಸುವ ಅಚ್ಚುಗಳ ಕೆತ್ತನೆಗೆ ಬಳಸುತ್ತಿದ್ದ ಬಾಕ್ಸ್‌ವುಡ್ ಮರದ ಕಾಂಡ ಸಣ್ಣದಾದ್ದರಿಂದ, ದೊಡ್ಡ ಚಿತ್ರಗಳಿಗೆ ಹಲವು ಅಚ್ಚುತುಂಡುಗಳನ್ನು ಬಿಗಿದು ಜೋಡಿಸುತ್ತಿದ್ದರು. ಆ ಬಗೆಯ ಚಿತ್ರಗಳಲ್ಲಿ ಜೋಡಣೆಯ ಸಂದಿ ಕೆಲವೊಮ್ಮೆ ಎಳೆಯಷ್ಟು ತೆಳುವಾದ ಬಿಳಿಗೆರೆಯಾಗಿ ಕಾಣುತ್ತದೆ. ಅದನ್ನು ಭೂತಗನ್ನಡಿಯಲ್ಲಿ ಕಂಡಾಗ, ವಾರದ ಗಡುವಿಗೆ ಕೆತ್ತಿದ ಹೆಸರಿಲ್ಲದ ಕೈಗಳು ನೆನಪಾಗುತ್ತವೆ.

ಬೈಂಡ್ ಮಾಡಿದ ಸಂಪುಟಗಳನ್ನು ಬಿಚ್ಚಿ, ಹೆಸರಾಂತ ವ್ಯಂಗ್ಯಚಿತ್ರದ ಹಾಳೆಯನ್ನಷ್ಟೇ ಕತ್ತರಿಸಿ ಮಾರುವ ಪದ್ಧತಿ ನನಗೆ ನೋವುಂಟುಮಾಡುತ್ತದೆ. ಹುಲಿಯ ಚಿತ್ರವನ್ನು ಆ ವಾರದ ಸುದ್ದಿ, ಸಂಪಾದಕೀಯ, ಜಾಹೀರಾತುಗಳಿಂದ ಬೇರ್ಪಡಿಸಿದರೆ, ಮೊದಲ ಓದುಗನು ಏನನ್ನು ಓದಿ ಆ ಪುಟಕ್ಕೆ ಬಂದನೆಂಬುದು ಕಳೆದುಹೋಗುತ್ತದೆ. ಆದ್ದರಿಂದ ಬಿಡಿಹಾಳೆ ಅಗ್ಗವಾಗಿ ಸಿಕ್ಕರೂ ಕೊಳ್ಳುವುದಿಲ್ಲ; ಇಡೀ ಸಂಚಿಕೆ ಸಿಗುವವರೆಗೆ ಕಾಯುತ್ತೇನೆ.